ಬಳ್ಳಿಗೆ ಕಾಲಂ ಇರಲಿಲ್ಲ

ಮಳೆ ಬಿಟ್ಟ ಒಂದು ಸಂಜೆ. ಲಾಂಗ್ ಬೆಲ್ ಹೊಡೆದು ಮಕ್ಕಳೆಲ್ಲ ಹೋದ ಮೇಲೆ ನಾಲ್ಕನೇ ತರಗತಿಯ ಹುಡುಗಿಯೊಬ್ಬಳ ತಾಯಿ ಜಗಲಿಯಲ್ಲಿ ನಿಂತಿದ್ದರು. ಕೈಯಲ್ಲಿ ಮಡಚಿದ ಒಂದು ಅರ್ಜಿ. ಕೊರಗ ಹೆಂಗಸರ ಕೂಟಕ್ಕೆ ಏನಾದರೂ ಉದ್ಯೋಗ ಮಾಡಲು ಸಣ್ಣ ಸಹಾಯಧನ ಸಿಗುತ್ತದಂತೆ. ಅರ್ಜಿ ಪೂರ್ತಿ ಮಲಯಾಳದಲ್ಲಿ! ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ... ಗಡಿನಾಡಿನ ನಮಗೆ ಇದೇನೂ ಹೊಸತಲ್ಲ ಬಿಡಿ.

"ತುಂಬಿಸಿ ಕೊಡಿ ಮಾಷ್ಟ್ರೇ" ಎಂದರು.

ನಾವು ಮೂವರು ಅಧ್ಯಾಪಕರು ಕುಳಿತು ತುಂಬಿಸಿಯೇ ಬಿಟ್ಟೆವು. 'ಯೋಜನೆ' ಎಂಬಲ್ಲಿ ಹೊಲಿಗೆ ತರಬೇತಿ, ಎರಡು ಮೆಷಿನ್ ಎಂದು ಬರೆದೆವು. ಅಂಥದ್ದು ಬೇಗ ಪಾಸಾಗುತ್ತದೆ ಎಂಬುದು ನಮ್ಮ ಲೆಕ್ಕಾಚಾರ. ಓದಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲ ಕೇಳಿದರು: "ಬಳ್ಳಿ ತರುವ ಜೀಪಿನ ಬಾಡಿಗೆಗೆ ಇದರಲ್ಲಿ ಜಾಗ ಇಲ್ಲವಾ?"

ನಮಗೆ ನಾಚಿಕೆಯಾಯಿತು. ಅವರ ಕಸುಬು ಬುಟ್ಟಿ ಹೆಣೆಯುವುದು ಎಂದು ನಮಗೆ ಗೊತ್ತಿಲ್ಲದೆ ಅಲ್ಲ. ಪರಿಸರ ಪಾಠಕ್ಕೆ ಕುರುವೆ, ತಡ್ಪೆಗಳನ್ನು ತರಿಸಿದ್ದೂ ನಾವೇ. ಆದರೆ ಮನೆಯ ಹಿಂದಿನ ಗುಡ್ಡವೆಲ್ಲ ರಬ್ಬರ್ ತೋಟ, ಮುರಕಲ್ಲಿನ ಕೋರೆ ಆದ ಮೇಲೆ ಬಳ್ಳಿ ಎಲ್ಲಿಂದ ತರುತ್ತೀರಿ ಎಂದು ಒಂದು ದಿನವೂ ಕೇಳಿರಲಿಲ್ಲ.

ನಮ್ಮ ಮಂಜೇಶ್ವರ, ಕಾಸರಗೋಡು ಭಾಗದ ಕೊರಗರು ಸರಕಾರದ ಪಟ್ಟಿಯಲ್ಲಿ ವಿಶೇಷವಾಗಿ ದುರ್ಬಲವಾದ ಬುಡಕಟ್ಟು. 2011ರ ಜನಗಣತಿಯಲ್ಲಿ ಕೇರಳದಲ್ಲಿ ಅವರಿದ್ದದ್ದು 1,582 ಮಂದಿ. ಗಡಿಯಾಚೆ ಕರ್ನಾಟಕದಲ್ಲಿ ಇವರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ಕಾಯ್ದೆಯನ್ನೇ ತರಬೇಕಾಯಿತು. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರು, ಬೆತ್ತಗಳನ್ನು ಕಿರು ಅರಣ್ಯ ಉತ್ಪನ್ನವೆಂದು ಕರೆದು, ಅವುಗಳ ಮೇಲೆ ಕಾಡಿನವರಿಗೆ ಹಕ್ಕು ಕೊಟ್ಟಿದೆ. 2023ರಲ್ಲಿ ಇಂಥ ಬುಡಕಟ್ಟುಗಳಿಗೆಂದೇ ಪಿಎಂ ಜನಮನ್ ಯೋಜನೆ ಬಂತು. ಕುಟುಂಬಶ್ರೀಯ ಕೂಟಗಳಂತೂ 1998ರಿಂದ ಇವೆ. ಯೋಜನೆಗಳಿಗೆ ಬರಗಾಲವಿಲ್ಲ. ಆದರೆ ಏನು ಬೇಕೆಂದು ಹೇಳುವ ಬಾಯಿ ಯಾರದ್ದು?

ಆ ಹಾಳೆಯನ್ನು ಹರಿದು, ಕೂಟದವರನ್ನೆಲ್ಲ ಕರೆಸಿದೆವು. ಅವರು ತುಳುವಿನಲ್ಲಿ ಹೇಳಿದ್ದನ್ನು ಮೊದಲು ಕನ್ನಡದಲ್ಲಿ ಬರೆದೆವು. ಜೀಪಿನ ಬಾಡಿಗೆ, ನಾಲ್ಕು ಒಳ್ಳೆಯ ಕತ್ತಿ, ಮಳೆಗಾಲದಲ್ಲಿ ಬುಟ್ಟಿಗೆ ಬೂಸರು ಹಿಡಿಯದಂತೆ ಒಂದು ಶೀಟಿನ ಚಪ್ಪರ. ಅಷ್ಟೇ! ನಾವು ಬರೆದಿದ್ದ ಮೊತ್ತಕ್ಕಿಂತ ಇದು ಕಡಿಮೆಯೇ ಆಯಿತು. ಆ ಹುಡುಗಿ ಎದ್ದು ನಿಂತು ಅದನ್ನು ಎಲ್ಲರಿಗೂ ಓದಿ ಹೇಳಿದಳು. "ಕತ್ತಿ ನಾಲ್ಕು ಸಾಲದು, ಆರು ಬೇಕು" ಎಂದು ಅಜ್ಜಿಯೊಬ್ಬರು ತಿದ್ದಿಸಿದರು. ಆಮೇಲೆಯೇ ಅದು ಮಲಯಾಳಕ್ಕೆ ಹೋಯಿತು.

ಹಣ ಬಂತೇ ಎಂದು ಕೇಳುವಿರಿ. ಬಂತು, ಕೇಳಿದ್ದಕ್ಕಿಂತ ಕಡಿಮೆ ಮತ್ತು ತಡವಾಗಿ. ಚಪ್ಪರ ಆಗಲಿಲ್ಲ. ಕತ್ತಿ ಬಂತು, ಜೀಪು ಎರಡು ಸಲ ಹೋಗಿ ಬಳ್ಳಿ ತಂದಿತು. ಈ ವರ್ಷ ಚಪ್ಪರಕ್ಕೆಂದು ಮತ್ತೆ ಅರ್ಜಿ ಬರೆಯುತ್ತಿದ್ದಾರೆ. ಕನ್ನಡದ ಪ್ರತಿಯನ್ನು ಈ ಸಲ ಬರೆದದ್ದು ಆ ಹುಡುಗಿ. ನಮಗುಳಿದದ್ದು ಮಲಯಾಳದ ಕೆಲಸ ಮಾತ್ರ.

ಗಡಿನಾಡಿನ ಅಧ್ಯಾಪಕ ಮಿತ್ರರೇ, ನಿಮ್ಮ ಶಾಲೆಯ ಜಗಲಿಗೂ ಇಂಥ ಅರ್ಜಿ ಬಂದೀತು. ಪೆನ್ನು ತೆಗೆಯುವ ಮೊದಲು ಒಂದು ಮಾತು ಕೇಳಿ ನೋಡಿ.