ನೋಡುವವರನ್ನೂ ನೋಡುವ ನಾಡು

ಹೆಲ್ಸಿಂಕಿಯಿಂದ ಹೊರಟ ಹಡಗು ಎರಡು ತಾಸಿನಲ್ಲಿ ಫಿನ್‌ಲ್ಯಾಂಡ್ ಕೊಲ್ಲಿ ದಾಟಿ ಎಸ್ಟೋನಿಯಾದ ಟ್ಯಾಲಿನ್ ಬಂದರಿಗೆ ಬಂದು ನಿಲ್ಲುತ್ತದೆ. ದಡ ಹತ್ತಿರವಾದಂತೆ ಮೊದಲು ಕಣ್ಣಿಗೆ ಬೀಳುವುದು ಸೇಂಟ್ ಓಲಾಫ್ ಚರ್ಚಿನ ಚೂಪು ಗೋಪುರ. ಆಮೇಲೆ ಹಳೆಯ ಕೋಟೆಗೋಡೆ, ಕೆಂಪು ಹೆಂಚಿನ ಮಾಡುಗಳು. ಜೂನ್ ತಿಂಗಳಲ್ಲಿ ಇಲ್ಲಿ ರಾತ್ರಿ ಹತ್ತಾದರೂ ಹಗಲು ಮುಗಿಯುವುದಿಲ್ಲ. ಎಸ್ಟೋನಿಯಾದ ಜನಸಂಖ್ಯೆ ಸುಮಾರು 13 ಲಕ್ಷ, ನಮ್ಮ ಮಂಡ್ಯ ಜಿಲ್ಲೆಗಿಂತಲೂ ಕಡಿಮೆ. ಇಷ್ಟು ಚಿಕ್ಕ ದೇಶ ತನ್ನ ಇಡೀ ಆಡಳಿತವನ್ನು ಕಂಪ್ಯೂಟರಿಗೆ ಒಪ್ಪಿಸಿ ನೆಮ್ಮದಿಯಾಗಿ ನಿದ್ದೆ ಮಾಡುವುದು ಹೇಗೆ ಎಂಬ ಕುತೂಹಲವೇ ನನ್ನನ್ನು ಅಲ್ಲಿಗೆ ಎಳೆದೊಯ್ದದ್ದು.

ಮೊದಲು ಹೋದದ್ದು ವೀರು ಹೋಟೆಲ್ಲಿಗೆ. 1972ರಲ್ಲಿ, ಸೋವಿಯತ್ ಆಳ್ವಿಕೆಯ ಕಾಲದಲ್ಲಿ, ವಿದೇಶಿ ಪ್ರವಾಸಿಗರಿಗಾಗಿ ಕಟ್ಟಿಸಿದ ಕಟ್ಟಡ ಅದು. ಲಿಫ್ಟಿನ ಗುಂಡಿಗಳು 22ನೇ ಮಹಡಿಗೆ ಮುಗಿಯುತ್ತವೆ. ಅಲ್ಲಿಂದ ಮೆಟ್ಟಿಲು ಹತ್ತಿದರೆ, ಲೆಕ್ಕದಲ್ಲಿಲ್ಲದ 23ನೇ ಮಹಡಿ. ಬಾಗಿಲ ಮೇಲೆ ರಷ್ಯನ್ ಭಾಷೆಯ ಫಲಕ: ಇಲ್ಲಿ ಏನೂ ಇಲ್ಲ. ಒಳಗೆ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯವರು 1991ರಲ್ಲಿ ತರಾತುರಿಯಲ್ಲಿ ಬಿಟ್ಟುಹೋದ ರೇಡಿಯೋ ಪೆಟ್ಟಿಗೆಗಳು, ಟೆಲಿಫೋನು, ಕಿತ್ತುಹಾಕಿದ ತಂತಿಗಳು. ಅತಿಥಿಗಳ ಕೋಣೆಗಳಲ್ಲಷ್ಟೇ ಅಲ್ಲ, ಊಟದ ಮೇಜಿನ ಬ್ರೆಡ್ ತಟ್ಟೆಯ ತಳದಲ್ಲೂ ಮೈಕ್ರೋಫೋನ್ ಅಡಗಿಸಿಡುತ್ತಿದ್ದರಂತೆ. ಆ ಪುಟ್ಟ ಕೋಣೆಯಲ್ಲಿ ನಿಂತಾಗ ಮೈ ಜುಮ್ಮೆಂದಿತು. ಒಂದಿಡೀ ತಲೆಮಾರು, ತನ್ನನ್ನು ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದೇ ತಿಳಿಯದೆ ಬದುಕಿದ ಊರು ಇದು.

ಅದೇ ಊರಿನಲ್ಲಿ, ಅದೇ ದಿನ ಸಂಜೆ, ಅಲ್ಲೇ ಕೆಲಸಕ್ಕಿರುವ ಕನ್ನಡಿಗ ಗೆಳೆಯರ ಮನೆಯಲ್ಲಿ ಕಂಡದ್ದು ಇದಕ್ಕೆ ತೀರಾ ತದ್ವಿರುದ್ಧ. ಅವರು ಗುರುತಿನ ಚೀಟಿಯನ್ನು ಲ್ಯಾಪ್‌ಟಾಪಿನ ಪಕ್ಕದ ರೀಡರಿಗೆ ತೂರಿಸಿದರು. ಒಳಹೋಗಲು ನಾಲ್ಕಂಕಿಯ ಒಂದು ಪಿನ್, ಸಹಿ ಹಾಕಲು ಐದಂಕಿಯ ಇನ್ನೊಂದು. ಕಾರ್ಡ್ ಕದ್ದವನಿಗೆ ಪಿನ್ ಗೊತ್ತಿರುವುದಿಲ್ಲ, ಪಿನ್ ಕದ್ದವನ ಕೈಯಲ್ಲಿ ಕಾರ್ಡ್ ಇರುವುದಿಲ್ಲ. ಮೂರು ಸಲ ತಪ್ಪಿದರೆ ಬೀಗ. ಹೀಗೆ ಹಾಕಿದ ಸಹಿಗೆ ಕಾನೂನಿನಲ್ಲಿ ಕೈಬರಹದ ಸಹಿಯಷ್ಟೇ ಬೆಲೆ.

ನಂತರ ಅವರು ತೆರೆದ ಪುಟವನ್ನು ನಾನು ಮರೆಯಲಾರೆ. ಅಲ್ಲಿ ಸಾಲುಸಾಲಾಗಿ ತಾರೀಖು, ವೇಳೆ, ಇಲಾಖೆಯ ಹೆಸರು. ಅವರ ಮಾಹಿತಿಯನ್ನು ಸರ್ಕಾರದ ಯಾವ ಕಚೇರಿ ಯಾವಾಗ ತೆಗೆದು ನೋಡಿತು ಎಂಬ ಪಟ್ಟಿ ಅದು. ಅನುಮಾನ ಬಂದರೆ ವಿವರಣೆ ಕೇಳಬಹುದು. ಬರೀ ಕುತೂಹಲಕ್ಕೆ ಇಣುಕಿದವರಿಗೆ ದಂಡ ಬಿದ್ದದ್ದೂ ಉಂಟು. 23ನೇ ಮಹಡಿಯಲ್ಲಿ ಸರ್ಕಾರ ಕದ್ದು ಕೇಳುತ್ತಿತ್ತು. ಇಲ್ಲಿ ನೋಡುವವರನ್ನೇ ಪ್ರಜೆ ನೋಡುತ್ತಾನೆ! ಇದರ ಹಿಂದಿರುವುದು 2001ರಲ್ಲಿ ಆರಂಭವಾದ ಎಕ್ಸ್-ರೋಡ್ ಎಂಬ ವ್ಯವಸ್ಥೆ. ಎಲ್ಲ ಮಾಹಿತಿಯನ್ನೂ ಒಂದೇ ಕಡೆ ರಾಶಿ ಹಾಕುವುದಿಲ್ಲ. ಆಯಾ ಇಲಾಖೆಯದು ಆಯಾ ಇಲಾಖೆಯಲ್ಲೇ ಇರುತ್ತದೆ, ಬೇಕಾದದ್ದಷ್ಟೇ ಗೂಢಲಿಪಿಯಲ್ಲಿ ಓಡಾಡುತ್ತದೆ, ಪ್ರತಿ ಓಡಾಟವೂ ದಾಖಲಾಗುತ್ತದೆ.

ಈ ಎಚ್ಚರ ಪೆಟ್ಟು ತಿಂದು ಗಟ್ಟಿಯಾದದ್ದು. ಟ್ಯಾಲಿನ್‌ನ ಟೋನಿಸ್‌ಮಾಗಿ ಎಂಬಲ್ಲಿ ಒಂದು ಕಾಲಕ್ಕೆ ಸೋವಿಯತ್ ಯೋಧನ ಕಂಚಿನ ಪ್ರತಿಮೆಯಿತ್ತು. 2007ರ ಏಪ್ರಿಲ್ ಕೊನೆಯಲ್ಲಿ ಅದನ್ನು ಸೈನಿಕರ ಸ್ಮಶಾನಕ್ಕೆ ಸ್ಥಳಾಂತರಿಸಿದಾಗ ಬೀದಿಯಲ್ಲಿ ಗಲಭೆಯಾಯಿತು. ಅದರ ಬೆನ್ನಿಗೇ ಬ್ಯಾಂಕು, ಪತ್ರಿಕೆ, ಸಂಸತ್ತಿನ ಜಾಲತಾಣಗಳ ಮೇಲೆ ಸುಳ್ಳು ಕೋರಿಕೆಗಳ ಪ್ರವಾಹ ನುಗ್ಗಿ, ಸುಮಾರು ಮೂರು ವಾರ ದೇಶವನ್ನೇ ಕಂಗೆಡಿಸಿತು. ಮರುವರ್ಷವೇ ನೇಟೋದ ಸೈಬರ್ ರಕ್ಷಣಾ ಕೇಂದ್ರ ಇದೇ ಟ್ಯಾಲಿನ್‌ನಲ್ಲಿ ಸ್ಥಾಪನೆಯಾಯಿತು.

ಆದರೆ ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸಿದ್ದು ಟ್ಯಾಲಿನ್‌ನಲ್ಲಿಲ್ಲ, ದೂರದ ಲಕ್ಸೆಂಬರ್ಗಿನಲ್ಲಿದೆ. 1940ರಲ್ಲಿ ಸೋವಿಯತ್ ಸೇನೆ, 1941ರಲ್ಲಿ ಜರ್ಮನರು, 1944ರಲ್ಲಿ ಮತ್ತೆ ಸೋವಿಯತ್. ಹೀಗೆ ನೆಲವನ್ನೇ ಪದೇಪದೇ ಕಳೆದುಕೊಂಡ ಜನ ಇವರು. ಆ ಅರ್ಧ ಶತಮಾನ ಸ್ವತಂತ್ರ ಎಸ್ಟೋನಿಯಾದ ಹೆಸರನ್ನು ಜೀವಂತವಾಗಿಟ್ಟದ್ದು ನ್ಯೂಯಾರ್ಕಿನಲ್ಲಿ ಮುಚ್ಚದೆ ಉಳಿದ ಒಂದು ದೂತಾವಾಸ ಕಚೇರಿ. ಈಗ ಕಾನೂನು ಪ್ರಕಟವಾಗುವ ರಾಜ್ಯಪತ್ರವೂ ಕಾಗದದಲ್ಲಿ ಬರುವುದಿಲ್ಲ. ಕಂಪ್ಯೂಟರ್ ಅಳಿದರೆ ಯಾವ ಜಮೀನು ಯಾರದೆಂದು ಹೇಳುವವರೇ ಇಲ್ಲ. ಅದಕ್ಕೇ 2017ರಲ್ಲಿ ಲಕ್ಸೆಂಬರ್ಗ್ ಜತೆ ಒಪ್ಪಂದ ಮಾಡಿಕೊಂಡು ದತ್ತಾಂಶ ರಾಯಭಾರ ಕಚೇರಿ ಸ್ಥಾಪಿಸಿದರು. ಅಲ್ಲಿ ರಾಯಭಾರಿ ಇಲ್ಲ, ಇರುವುದು ಸರ್ವರುಗಳು ಮಾತ್ರ. ಎಸ್ಟೋನಿಯಾದ ಅಪ್ಪಣೆಯಿಲ್ಲದೆ ಲಕ್ಸೆಂಬರ್ಗಿನ ಅಧಿಕಾರಿಗಳೂ ಆ ಕೋಣೆಗೆ ಕಾಲಿಡುವಂತಿಲ್ಲ. ಬಿತ್ತನೆಯ ಬೀಜವನ್ನು ಬೇರೆ ಊರಿನ ನೆಂಟರ ಕಣಜದಲ್ಲೂ ಒಂದಿಷ್ಟು ಇಟ್ಟಂತೆ, ಒಂದು ದೇಶ ತನ್ನ ಪ್ರತಿಯನ್ನು ಗಡಿಯಾಚೆ ಇಟ್ಟಿದೆ.

ಅದೇ 2017ರಲ್ಲಿ ಇನ್ನೊಂದು ಪರೀಕ್ಷೆಯೂ ಎದುರಾಯಿತು. ಗುರುತಿನ ಚೀಟಿಯ ಚಿಪ್‌ನಲ್ಲಿ ದೋಷವಿದೆಯೆಂದು ಜೆಕ್ ವಿಶ್ವವಿದ್ಯಾಲಯವೊಂದರ ಸಂಶೋಧಕರು ಕಂಡುಹಿಡಿದರು. ಏಳು ಲಕ್ಷಕ್ಕೂ ಹೆಚ್ಚು ಕಾರ್ಡುಗಳು ಅಪಾಯದಲ್ಲಿದ್ದವು. ಸರ್ಕಾರ ಮುಚ್ಚಿಡಲಿಲ್ಲ. ಜನರಿಗೆ ಬಹಿರಂಗವಾಗಿ ಹೇಳಿತು, ನವೆಂಬರಿನಲ್ಲಿ ಆ ಕಾರ್ಡುಗಳ ಹಳೆಯ ಡಿಜಿಟಲ್ ಪ್ರಮಾಣಪತ್ರಗಳನ್ನು ತಡೆಹಿಡಿಯಿತು, ಮನೆಯಲ್ಲೇ ಕೂತು ಕಾರ್ಡ್ ನವೀಕರಿಸುವ ದಾರಿ ಮಾಡಿಕೊಟ್ಟಿತು. ನಂಬಿಕೆ ಗಳಿಸುವ ಬಗೆಯೇ ಇದು.

ಹೊಸ ಫೋನು, ಹೊಸ ಲ್ಯಾಪ್‌ಟಾಪು, ವಿಂಡೋಸ್ ಬಿಟ್ಟು ಲಿನಕ್ಸ್ ಅಥವಾ ಮ್ಯಾಕ್, ಯಾವ ಹೊಸ ವ್ಯವಸ್ಥೆಗೆ ಕಾಲಿಡುವವರಿಗೂ ಈ ಪುಟ್ಟ ನಾಡು ಹೇಳುವ ಪಾಠ ಒಂದೇ: ಬಾಗಿಲಿಗೆ ಎರಡು ಬೀಗ ಹಾಕಿ, ಯಾರು ಬಂದುಹೋದರೆಂದು ನೋಡಿ, ಒಂದು ಪ್ರತಿಯನ್ನು ಬೇರೆ ಕಡೆ ಇಡಿ. ಒಂದೊಂದು ಖಾತೆಗೆ ಒಂದೊಂದು ಪಾಸ್‌ವರ್ಡ್, ಜತೆಗೆ ಎರಡು ಹಂತದ ಪರಿಶೀಲನೆ ಇರಲಿ. ಅಪ್‌ಡೇಟ್ ಬಂದರೆ ನಾಳೆಗೆ ತಳ್ಳಬೇಡಿ. ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಯಿತೆಂಬ ಇತಿಹಾಸವನ್ನು ನೋಡುವ ಸೌಲಭ್ಯ ನಮ್ಮಲ್ಲೂ ಇದೆ, ಆಗಾಗ ತೆರೆದು ನೋಡಿ. ಮುಖ್ಯವಾದ ಕಡತಗಳ ಮೂರು ಪ್ರತಿಗಳಿರಲಿ. ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಮನೆಯಿಂದ ಹೊರಗಿರಲಿ. ಪ್ರತಿ ಮಾಡಿದ ಮೇಲೆ ಅದನ್ನು ತೆರೆದು, ಫೋಟೋ ಕಾಣುತ್ತದೆಯೇ, ಕಾಗದಪತ್ರ ಓದಬಹುದೇ ಎಂದು ಪರೀಕ್ಷಿಸಿ. ತೆರೆಯದ ಪ್ರತಿ ಪ್ರತಿಯೇ ಅಲ್ಲ.