ಹಾಜರಿಯ ಪಾಠ

ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆಯಬೇಕೆಂದು ಸಂಪಾದಕ ಮಂಡಳಿಯವರ ಅಪ್ಪಣೆಯಾದಾಗ ನನಗೆ ಮೊದಲು ನೆನಪಾದುದು ಹೊಸಪೇಟೆಯ ನಮ್ಮ ತರಗತಿಯ ಹಾಜರಿ ಪುಸ್ತಕ. ಕಮಲಾಪುರದಿಂದ ಬರುತ್ತಿದ್ದ ಅವಳಿ ಸಹೋದರರು ನಮ್ಮ ಸಹಪಾಠಿಗಳು. ರೂಪವೂ ಒಂದೇ, ಧ್ವನಿಯೂ ಒಂದೇ. ಅಣ್ಣ ಜ್ವರದಿಂದ ಮಲಗಿದ್ದ ದಿನ ಅವನ ಹೆಸರು ಕೂಗಿದಾಗಲೂ “ಹಾಜರ್ ಸಾರ್” ಎಂಬ ಉತ್ತರ ಬಂದಿತು. ಬೆಂಚಿನಲ್ಲಿ ತಮ್ಮನೊಬ್ಬನೇ ಇದ್ದುದನ್ನು ಕಂಡ ವಿಜ್ಞಾನದ ಗುರುಗಳು ನಕ್ಕು, “ಇಬ್ಬರೂ ಇದ್ದಾಗ ಗುರುತಿಸಿದೆನೆಂಬುದು ದೊಡ್ಡದಲ್ಲಪ್ಪಾ. ಒಬ್ಬನಿಲ್ಲದ ದಿನವೇ ನನಗೆ ಪರೀಕ್ಷೆ” ಎಂದರು.

ಆ ಮಾತಿನ ಅರ್ಥ ನನಗಾದುದು ಎಷ್ಟೋ ವರ್ಷಗಳ ಮೇಲೆ, ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ. ಹಣ್ಣುನೊಣದ ದೇಹದ ಯಾವ ಖಂಡದಲ್ಲಿ ಯಾವ ಅಂಗ ಮೂಡಬೇಕೆಂಬುದನ್ನು ಕೆಲವು ಜೀನುಗಳು ನಿರ್ಧರಿಸುತ್ತವೆ. ಎಡ್ವರ್ಡ್ ಲೂಯಿಸ್ ಅವರಿಗೆ 1995ರ ನೊಬೆಲ್ ಪಾರಿತೋಷಕ ತಂದುಕೊಟ್ಟುದು ಇಂಥ ಜೀನುಗಳ ಅಧ್ಯಯನವೇ. ಅವುಗಳಲ್ಲಿ ಅಲ್ಟ್ರಾಬೈಥೊರ್ಯಾಕ್ಸ್ ಎಂಬುದು ಎದೆಯ ಮೂರನೆಯ ಖಂಡದಲ್ಲಿ ಕೆಲಸ ಮಾಡದಿದ್ದರೆ, ಹಾರಾಟದ ಸಮತೋಲ ಕಾಯುವ ಪುಟ್ಟ ಅಂಗದ ಬದಲು ಇನ್ನೊಂದು ಜೊತೆ ರೆಕ್ಕೆ ಬೆಳೆಯುತ್ತದೆ. ಇದರ ಒಡಹುಟ್ಟು ಅಬ್ಡಾಮಿನಲ್-ಎ. ಎರಡರ ಪ್ರೋಟೀನುಗಳಲ್ಲಿಯೂ 60 ಅಮೈನೋ ಆಮ್ಲಗಳ ಒಂದು ಭಾಗ ಬಹುಮಟ್ಟಿಗೆ ಒಂದೇ ತೆರನಾಗಿದೆ.

ಮೊದಲನೆಯ ಪ್ರೋಟೀನನ್ನು ಇಡಿಯಾಗಿ ಮೊಲಕ್ಕೆ ಚುಚ್ಚಿ ನಾನು ಪ್ರತಿಕಾಯ ಪಡೆದೆ. ಅದು ಅಂಟಿದೆಡೆ ಬಣ್ಣ ಕಾಣುವಂತೆ ಮಾಡಿ ನೋಡಿದರೆ, ಭ್ರೂಣದ ಉದರದಲ್ಲಿ ಹಿರಿಯರು ವರದಿ ಮಾಡಿದ್ದಕ್ಕಿಂತ ಗಾಢವಾದ ಬಣ್ಣ! ಹೊಸ ಸಂಗತಿ ಕಂಡೆನೆಂದು ಹಿಗ್ಗಿ, ಆರು ತಿಂಗಳು ದುಡಿದು ಪ್ರಬಂಧ ಬರೆದೆ. ಮಾರ್ಗದರ್ಶಕರು ಒಂದೇ ಪ್ರಶ್ನೆ ಕೇಳಿದರು: “ಆ ಪ್ರೋಟೀನೇ ಇಲ್ಲದ ಭ್ರೂಣದಲ್ಲಿ ನೋಡಿದೆಯಾ?”

ನೋಡಿರಲಿಲ್ಲ. ಆ ಜೀನು ಕೆಟ್ಟಿದ್ದ ಭ್ರೂಣಗಳನ್ನು ಪರೀಕ್ಷಿಸಿದಾಗ ಎದೆಯ ಬಣ್ಣ ಮಾಯವಾಗಿತ್ತು. ಉದರದ ಬಣ್ಣ ಉಳಿದೇ ಇತ್ತು. ಅಣ್ಣನ ಹೆಸರಿಗೆ ತಮ್ಮನು ಓಗೊಡುತ್ತಿದ್ದನು!

ಎರಡಕ್ಕೂ ಸಮಾನವಾದ ಭಾಗವನ್ನು ಬಿಟ್ಟು, ಅಲ್ಟ್ರಾಬೈಥೊರ್ಯಾಕ್ಸಿನಲ್ಲಿ ಮಾತ್ರವಿರುವ ತುಂಡಿನಿಂದ ಮತ್ತೆ ಪ್ರತಿಕಾಯ ಮಾಡಿಸಿದೆ. ಅಬ್ಡಾಮಿನಲ್-ಎ ಪ್ರೋಟೀನಿಗೆ ಅಂಟುವ ಅಂಶವನ್ನು ಸೋಸಿ ತೆಗೆದೆ. ಈ ಸಲ ಜೀನು ಕೆಟ್ಟ ಭ್ರೂಣಗಳಲ್ಲಿ ಬಣ್ಣ ಬರಲಿಲ್ಲ. ಅದರೊಡನೆ ನನ್ನ ‘ಹೊಸ ಸಂಗತಿ’ಯೂ ಇಲ್ಲವಾಯಿತು. ಕೋಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ತೋರಿಸಿಕೊಟ್ಟ ವಿಧಾನದ ಏಕರೂಪದ ಪ್ರತಿಕಾಯಗಳಿಗೂ ಈ ಪರೀಕ್ಷೆ ತಪ್ಪಿದ್ದಲ್ಲ. ಅಂಥದೇ ಆದ ಎಫ್‌ಪಿ 6.87 ಎಂಬುದು ಈ ಎರಡು ಪ್ರೋಟೀನುಗಳನ್ನೂ ಹಿಡಿಯುತ್ತದೆ. ಅದನ್ನು ತಿಳಿದು ಬಳಸಿದರೆ ಉಪಕಾರ, ತಿಳಿಯದೆ ಬಳಸಿದರೆ ಮೋಸ.

ಅಚ್ಚಾಗದ ಆ ಪ್ರಬಂಧ ಇಂದಿಗೂ ನನ್ನ ಕಪಾಟಿನಲ್ಲಿದೆ. ಅದು ಅಚ್ಚಾಗದಂತೆ ಕಾಪಾಡಿದ ಪಾಠದ ಮೊದಲ ಅಕ್ಷರವನ್ನು ನಾನು ಕಲಿತುದು ಈ ಶಾಲೆಯಲ್ಲಿ.