ಕಾವಲಿಗೂ ಕಾರಿಗೂ ಒಂದೇ ಶತ್ರು

ಕಾರು ಅಂದ ಕೂಡಲೇ ಅದು ಗಂಡಸರ ವಿಷಯ ಅಂತ ನಾವು ಸುಮ್ಮನಾಗಿಬಿಡುತ್ತೇವೆ. ಗಾಳಿ ಹಿಡಿಸೋದು, ಆಯಿಲ್ ಬದಲಾಯಿಸೋದು, ಗ್ಯಾರೇಜಿನವರ ಜೊತೆ ಚೌಕಾಸಿ ಮಾಡೋದು ಎಲ್ಲ ಅವರ ಪಾಲು. ಆದರೆ ತುಕ್ಕಿನ ವಿಷಯಕ್ಕೆ ಬಂದರೆ, ಸಹೋದರಿಯರೇ, ನಮಗಿರುವಷ್ಟು ಅನುಭವ ಇನ್ಯಾರಿಗಿದೆ ಹೇಳಿ? ದೋಸೆ ಕಾವಲಿ, ಬಾಂಡಲೆ, ಈಳಿಗೆಮಣೆ, ಒಗ್ಗರಣೆ ಸೌಟು ಇವುಗಳ ಜೊತೆಯಲ್ಲೇ ನಮ್ಮ ಅರ್ಧ ಆಯಸ್ಸು ಕಳೆದಿರುತ್ತೆ. ರಾತ್ರಿ ನೀರಲ್ಲಿ ಬಿಟ್ಟ ಕಾವಲಿ ಬೆಳಗಾಗುವಷ್ಟರಲ್ಲಿ ಕೆಂಪಗಾಗಿರುತ್ತೆ. ಅದನ್ನು ತಿಕ್ಕಿ, ಒಲೆಯ ಮೇಲಿಟ್ಟು ನೀರಾರಿಸಿ, ಎಣ್ಣೆ ಸವರಿ ಇಡುತ್ತೇವೆ. ಕಾರಿನ ತುಕ್ಕು ತೆಗೆಯುವುದೂ ಇಷ್ಟೇ: ತಿಕ್ಕು, ಒಣಗಿಸು, ಮುಚ್ಚು. ಎಣ್ಣೆಯ ಬದಲು ಬಣ್ಣ, ಅಷ್ಟೇ.

ನಮ್ಮದು ಮಳವಳ್ಳಿ. ಮನೆಯಲ್ಲಿರುವುದು 2009ರ ಮಾರುತಿ 800. ಅತ್ತೆಯವರಿಗೆ ಮೂತ್ರಪಿಂಡದ ತೊಂದರೆ ಶುರುವಾದ ಮೇಲೆ ವಾರಕ್ಕೆ ಎರಡು ಸಲ ಮಂಡ್ಯಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಹೋಗುವಾಗ ಹೇಗೋ ಬಸ್ಸಾದರೂ ಆದೀತು. ಬರುವಾಗ ಅವರ ಕಾಲಲ್ಲಿ ತ್ರಾಣವೇ ಇರುವುದಿಲ್ಲ. ಆ ನೂಕುನುಗ್ಗಲಿನಲ್ಲಿ ನಿಲ್ಲಿಸಿಕೊಂಡು ಬರೋದು ಹೇಗೆ? ಆ ಪುಟ್ಟ ಕಾರೇ ನಮಗೆ ಆಂಬ್ಯುಲೆನ್ಸು.

2024ಕ್ಕೆ ಕಾರಿನ 15 ವರ್ಷದ ನೋಂದಣಿ ಮುಗಿಯುತ್ತಾ ಬಂತು. ಮುಂದಿನ 5 ವರ್ಷಕ್ಕೆ ನವೀಕರಿಸಬೇಕಾದರೆ ಆರ್‌ಟಿಒ ಕಚೇರಿಗೆ ಗಾಡಿ ಒಯ್ದು ತೋರಿಸಬೇಕು. ನೋಡಿದರೆ ಬಾಗಿಲ ಕೆಳಗೆಲ್ಲ ಬಣ್ಣ ಬೊಬ್ಬೆ ಎದ್ದಿದೆ, ಚಕ್ರದ ಮೇಲಿನ ಕಮಾನು ಕೆಂಪಗಾಗಿದೆ, ಡಿಕ್ಕಿಯ ತಳ ಹುಣ್ಣಾದಂತಿದೆ. ಒಂದು ಗ್ಯಾರೇಜಿನಲ್ಲಿ ಹೇಳಿದ ಖರ್ಚು ಕೇಳಿ ನಮ್ಮವರು ಮಾತಾಡದೆ ವಾಪಸು ಬಂದರು. ಮೈದುನ, "ಗುಜರಿಗೆ ಹಾಕಿಬಿಡಿ ಅತ್ತಿಗೆ" ಅಂದ. ಅತ್ತೆ ಜಗಲಿಯ ಮೇಲೆ ಕೂತಿದ್ದವರು, "ಇಳ್ಗೆಮಣೆ ತುಕ್ ತಗ್ಯಾಕೆ ಯಾವ್ ಗ್ಯಾರೇಜ್‌ಗೋಗಿದ್ದೆ ಕಣವ್ವ ನೀನು?" ಅಂತ ನನ್ನನ್ನೇ ಕೇಳಿದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ತುಕ್ಕು ಯಾಕೆ ಹಿಡಿಯುತ್ತೆ ಅನ್ನೋದು ಮೊದಲು ಗೊತ್ತಿರಬೇಕು. ಕಬ್ಬಿಣಕ್ಕೆ ಗಾಳಿಯೂ ನೀರೂ ಒಟ್ಟಿಗೆ ಸೋಕಿದರೆ ತುಕ್ಕು. ಉಪ್ಪು ಸೇರಿದರೆ ಇನ್ನೂ ಬೇಗ. ಅದಕ್ಕೇ ಮಂಗಳೂರಿನ ಕಡಲ ಗಾಳಿಯಲ್ಲಿ, ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ಶೀತ ದೇಶಗಳಲ್ಲಿ ಕಾರುಗಳು ಬೇಗ ಹಾಳಾಗುತ್ತವೆ. ನಮ್ಮ ಮಂಡ್ಯ ಜಿಲ್ಲೆಯಲ್ಲಿ ಕಡಲೂ ಇಲ್ಲ, ಹಿಮವೂ ಇಲ್ಲ. ಆದರೆ ನಾಲೆ ಬಯಲಿನ ಕೆಸರಿದೆ, ಗೊಬ್ಬರದ ಮೂಟೆ ಇದೆ. ಕಬ್ಬಿನ ಗದ್ದೆಗೆ ಹಾಕುವ ಪೊಟ್ಯಾಷ್ ಅಂದರೆ ಅದೂ ಒಂದು ಬಗೆಯ ಉಪ್ಪೇ. ಮೂಟೆಯಿಂದ ಉದುರಿದ ಹಿಡಿ ಪುಡಿ ಡಿಕ್ಕಿಯ ಮೂಲೆಯಲ್ಲಿ ತೇವ ಎಳೆದುಕೊಂಡು ಕೂತರೆ ತಗಡನ್ನು ತಿಂದೇ ತಿನ್ನುತ್ತೆ. ಅತ್ತೆಯವರಿಗೆ ಡಾಕ್ಟರು ಪೊಟ್ಯಾಷಿಯಂ ಜಾಸ್ತಿ ಅಂತ ಎಳನೀರು ಬಿಡಿಸಿದ್ದಾರೆ. ಮದ್ದೂರಿನ ಎಳನೀರು ಮಾರುಕಟ್ಟೆಯ ಮುಂದೆ ಹಾದುಹೋಗುವಾಗ ಅವರು ಮುಖ ತಿರುಗಿಸುತ್ತಾರೆ. ಪೊಟ್ಯಾಷ್ ಕಥೆ ಕೇಳಿ, "ನಂಗೂ ಕಾರ್‌ಗೂ ಒಂದೇ ಪಥ್ಯ ಬುಡು" ಅಂತ ನಕ್ಕರು.

ಇನ್ನೊಂದು ವಿಷಯ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತೆ. ಅದಕ್ಕೇ ಬಣ್ಣ ಪೂರಿಯ ಹಾಗೆ ಉಬ್ಬುವುದು. ಉಬ್ಬಿದ ಬಣ್ಣದ ಮೇಲೆ ಹೊಸ ಬಣ್ಣ ಬಳಿದರೆ ಒಳಗಿನ ತುಕ್ಕು ನಿಲ್ಲುವುದಿಲ್ಲ. ಕೆಟ್ಟ ಹಲ್ಲಿನ ಮೇಲೆ ಚಿನ್ನದ ಕವಚ ಹಾಕಿಸಿದ ಹಾಗೆ.

ಈಗ ಕೆಲಸಕ್ಕೆ ಬರೋಣ. ಒಣ ಹವೆಯ ದಿನ ಆರಿಸಿಕೊಳ್ಳಿ. ನಮ್ಮ ಕಡೆ ಜನವರಿ, ಫೆಬ್ರವರಿ ಉತ್ತಮ. ಮಳೆಗಾಲದಲ್ಲೂ ಇಬ್ಬನಿ ಆರದ ಬೆಳಗಿನ ಹೊತ್ತಿನಲ್ಲೂ ಬೇಡ. ಬೇಕಾಗುವ ಸಾಮಾನು: ತಂತಿ ಬ್ರಶ್ಶು, 80, 180 ಮತ್ತು 400ನೇ ನಂಬರಿನ ಎಮರಿ ಕಾಗದ, ಹಳೆಯ ಸುದ್ದಿಪತ್ರಿಕೆ, ಅಂಟುಪಟ್ಟಿ, ಥಿನ್ನರ್, ಲೋಹಕ್ಕೆ ಹಚ್ಚುವ ಪ್ರೈಮರ್, ಕಾರಿನದೇ ಬಣ್ಣ. ಬಣ್ಣದ ಸಂಖ್ಯೆ ಕಾರಿನಲ್ಲೇ ಒಂದು ಪಟ್ಟಿಯ ಮೇಲೆ ಇರುತ್ತೆ. ಅದನ್ನು ಹೇಳಿದರೆ ಅಂಗಡಿಯಲ್ಲಿ ಕಲಸಿ ಕೊಡುತ್ತಾರೆ. ಕೈಗೆ ಗವಸು, ಮೂಗು ಬಾಯಿಗೆ ಮಾಸ್ಕು, ಕಣ್ಣಿಗೆ ಕನ್ನಡಕ ಮರೆಯಬೇಡಿ. ಥಿನ್ನರ್ ಪೆಟ್ರೋಲಿನ ಹಾಗೇ ಹತ್ತಿಕೊಳ್ಳುತ್ತೆ. ಒಲೆ, ಊದುಬತ್ತಿ, ಬೀಡಿ ಯಾವುದೂ ಹತ್ತಿರ ಇರಬಾರದು.

ಕಾರನ್ನು ತೊಳೆದು ಪೂರ್ತಿ ಒಣಗಿಸಿ. ತುಕ್ಕಿನ ಸುತ್ತ ಪತ್ರಿಕೆ ಅಂಟಿಸಿ. ತಂತಿ ಬ್ರಶ್ಶಿನಿಂದ ಹಕ್ಕಳೆ ಉದುರಿಸಿ. ಆಮೇಲೆ 80ರ ಕಾಗದದಿಂದ ತಿಕ್ಕಿ, ತುಕ್ಕು ಕಾಣುವ ಜಾಗದ ಆಚೆಗೂ ಒಂದು ಅಂಗುಲ. ಬೆಳ್ಳಿಯಂತೆ ಹೊಳೆಯುವ ತಗಡು ಕಾಣುವವರೆಗೂ ಬಿಡಬೇಡಿ. ಆನಂತರ 180ರಲ್ಲಿ ಅಂಚನ್ನು ನಯಮಾಡಿ. ಬೆರಳಾಡಿಸಿದರೆ ಹಳೆಯ ಬಣ್ಣದ ಮೆಟ್ಟಿಲು ತಾಗಬಾರದು.

ಗುಳಿಗಳಲ್ಲಿ ಕೂತ ತುಕ್ಕು ಕಾಗದಕ್ಕೆ ಬಗ್ಗುವುದಿಲ್ಲ. ಅಲ್ಲಿಗೆ ಗಟ್ಟಿ ಹುಣಸೆ ರಸವನ್ನೋ ನಿಂಬೆ ರಸವನ್ನೋ ಬಟ್ಟೆಯಲ್ಲಿ ನೆನೆಸಿ ಒಂದೆರಡು ಗಂಟೆ ಒತ್ತಿಡಿ, ಮತ್ತೆ ತಿಕ್ಕಿ. ಹುಳಿ ತುಕ್ಕನ್ನು ಕರಗಿಸುತ್ತೆ. ಆದರೆ ಹಿತ್ತಾಳೆ ಬಿಂದಿಗೆಗೆ ಹಾಕುವ ಹಾಗೆ ಹುಣಸೆಗೆ ಉಪ್ಪು ಸೇರಿಸಬೇಡಿ. ಕಬ್ಬಿಣಕ್ಕೆ ಉಪ್ಪೇ ವೈರಿ. ಆಮೇಲೆ ಅಡುಗೆ ಸೋಡ ಬೆರೆಸಿದ ನೀರಿನಿಂದ ಒರೆಸಿ, ಶುದ್ಧ ನೀರಲ್ಲಿ ತೊಳೆದು ತಕ್ಷಣ ಒಣಗಿಸಿ. ಬೆತ್ತಲೆ ತಗಡು ತೇವವಿದ್ದರೆ ನೋಡನೋಡುತ್ತಲೇ ಮತ್ತೆ ಕೆಂಪಾಗುತ್ತೆ. ಕೂದಲು ಒಣಗಿಸುವ ಯಂತ್ರ ಇಲ್ಲಿ ಉಪಯೋಗಕ್ಕೆ ಬರುತ್ತೆ; ಥಿನ್ನರ್ ಡಬ್ಬಿ ತೆಗೆಯುವ ಮೊದಲೇ ಅದನ್ನು ಒಳಗಿಟ್ಟುಬಿಡಿ.

ಅಂಗಡಿಯಲ್ಲಿ ತುಕ್ಕನ್ನು ಕಪ್ಪಾಗಿಸುವ ದ್ರಾವಣವೂ ಸಿಗುತ್ತೆ. ಕೆಲವದರಲ್ಲಿ ಇರುವುದು ಟ್ಯಾನಿನ್, ಅಂದರೆ ಅಳಲೆಕಾಯಿಯಲ್ಲಿರುವ ಒಗರು. ಹಿಂದಿನವರು ಅಳಲೆಕಾಯಿಗೆ ಅನ್ನಭೇದಿ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅದೇ ತತ್ತ್ವ: ಕಬ್ಬಿಣವೂ ಒಗರೂ ಕೂಡಿ ಕಪ್ಪಾಗಿ ಗಟ್ಟಿಯಾಗುತ್ತೆ.

ನಮ್ಮ ಸಕ್ಕರೆ ನಾಡಿನವರಿಗೆ ಇನ್ನೊಂದು ಮಾತು. ಹಳೆಯ ಕಾರು ರಿಪೇರಿ ಮಾಡುವ ಹವ್ಯಾಸಿಗಳು ಹೊರದೇಶಗಳಲ್ಲಿ ತುಕ್ಕು ಹಿಡಿದ ಬೋಲ್ಟು, ಸ್ಪ್ಯಾನರುಗಳನ್ನು ಕಾಕಂಬಿಯಲ್ಲಿ ನೆನೆಹಾಕುತ್ತಾರೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಒಂದೆರಡು ವಾರ. ವಾಸನೆ ಕೇಳಬೇಡಿ! ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಸ್ಥಾಪನೆಯಾದ ಊರು ಮಂಡ್ಯ; ಆದರೂ ಕಾಕಂಬಿ ಅಬಕಾರಿ ಹತೋಟಿಯ ವಸ್ತುವಾದ್ದರಿಂದ ನಮಗೆ ನಿಂಬೆಹಣ್ಣೇ ಸುಲಭ.

ಒಣಗಿದ ತಗಡನ್ನು ಥಿನ್ನರಿನಿಂದ ಒರೆಸಿ, ಅದು ಆರಿದ ಮೇಲೆ ಅದೇ ದಿನ ಪ್ರೈಮರ್ ಹಚ್ಚಿ. ನಾಳೆ ಅಂದರೆ ಕೆಟ್ಟಿತು. ದಪ್ಪಗೆ ಒಂದು ಸಲ ಬಳಿಯೋದಕ್ಕಿಂತ ತೆಳ್ಳಗೆ ಎರಡು ಮೂರು ಸಲ ಮೇಲು. ಒಣಗಿದ ಮೇಲೆ 400ರ ಕಾಗದವನ್ನು ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜಿ, ಒರೆಸಿ ಒಣಗಿಸಿ, ಬಣ್ಣವನ್ನೂ ಹಾಗೇ ತೆಳುವಾಗಿ ಹಚ್ಚಿ. ಅತ್ತೆ ಕೂತಲ್ಲೇ ಎಮರಿ ಕಾಗದ ಕತ್ತರಿಸಿ ಕೊಟ್ಟರು. ಮೂರು ಭಾನುವಾರ ಹಿಡಿಯಿತು.

ಎರಡನೇ ಭಾನುವಾರ ಎಡಬದಿಯ ಬಾಗಿಲ ಕೆಳಗೆ, ಜಾಕ್ ಇಡುವ ಜಾಗದ ಹತ್ತಿರ ಸ್ಕ್ರೂಡ್ರೈವರ್ ಒತ್ತಿದೆ. ಅಕ್ಕಿರೊಟ್ಟಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ನಮ್ಮವರು, "ಪುಟ್ಟಿ ತುಂಬಿ ಬಣ್ಣ ಹೊಡೆದುಬಿಡೋಣ, ತೋರಿಸೋ ದಿನ ಯಾರಿಗೆ ಗೊತ್ತಾಗುತ್ತೆ?" ಅಂದರು. ನಾನು ಒಪ್ಪಲಿಲ್ಲ. ಅದು ಕಾರಿನ ಭಾರ ಹೊರುವ ತೊಲೆ ಇದ್ದಂತೆ. ಪಕ್ಕದಿಂದ ಗುದ್ದು ಬಿದ್ದರೆ ತಡೆಯುವುದೂ ಅದೇ. ಅದರ ಪಕ್ಕದಲ್ಲೇ ಅತ್ತೆ ಕೂರುವುದು. "ಅಧಿಕಾರಿಗೆ ಗೊತ್ತಾಗದೇ ಇರಬಹುದು, ರಸ್ತೆಗೆ ಗೊತ್ತಾಗುತ್ತೆ" ಅಂದೆ. ಎರಡು ದಿನ ಮನೆಯಲ್ಲಿ ಮಾತು ಬಿಗಿಯಾಗಿತ್ತು. ಕೊನೆಗೆ ಅವರೇ ವೆಲ್ಡಿಂಗಿನವರ ಹತ್ತಿರ ಒಯ್ದು, ಕೊಳೆತ ತಗಡು ಕತ್ತರಿಸಿ ಹೊಸದು ಬೆಸೆಸಿಕೊಂಡು ಬಂದರು. ಆ ಒಂದು ಕೆಲಸಕ್ಕೆ ಮಾತ್ರ ದುಡ್ಡು ಬಿಚ್ಚಿದೆವು. ನೋಂದಣಿ ನವೀಕರಣವೂ ಆಯಿತು.

ಆದ್ದರಿಂದ ಗೆರೆ ಎಲ್ಲಿ ಎಳೆಯಬೇಕು ಅನ್ನೋದು ತಿಳಿದಿರಲಿ. ಮೇಲ್ಮೈ ತುಕ್ಕು ಮನೆಯ ಕೆಲಸ. ತೂತು ಬಿದ್ದ ತಳ, ಬಾಗಿಲ ಕೆಳಗಿನ ತೊಲೆ, ಬ್ರೇಕಿನ ಕೊಳವೆ, ಪೆಟ್ರೋಲ್ ಟ್ಯಾಂಕಿನ ಸುತ್ತ, ಸೀಟ್ ಬೆಲ್ಟ್ ಬಿಗಿದ ಜಾಗ ಇವೆಲ್ಲ ಕಸುಬುದಾರರ ಕೆಲಸ. ತಳದಲ್ಲಿ ತೂತಿದ್ದರೆ ಹೊಗೆಕೊಳವೆಯ ವಿಷಗಾಳಿ ಒಳಗೆ ಬರಬಹುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಇನ್ನು ತುಕ್ಕು ಬಾರದ ಹಾಗೆ ನೋಡಿಕೊಳ್ಳುವುದು. ಬಾಗಿಲಿನ ಕೆಳಅಂಚಿನಲ್ಲಿ ನೀರು ಹರಿಯಲು ಸಣ್ಣ ತೂತುಗಳಿರುತ್ತವೆ. ಮಣ್ಣು ಕಟ್ಟಿದ್ದರೆ ಪೊರಕೆ ಕಡ್ಡಿಯಿಂದ ಬಿಡಿಸಿ. ಕಾಲ ಕೆಳಗಿನ ಹಾಸನ್ನು ಹಾಸಿಗೆಯ ಹಾಗೆ ಬಿಸಿಲಿಗೆ ಹಾಕಿ. ಗಾಳಿಯಾಡದ ಪ್ಲಾಸ್ಟಿಕ್ ಹಾಳೆ ಹೊದಿಸಬೇಡಿ, ಒಳಗೇ ಬೆವರುತ್ತೆ. ಗೊಬ್ಬರ ತಂದ ದಿನವೇ ಡಿಕ್ಕಿ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ. ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಸುತ್ತಲೂ ಬೆರಳಾಡಿಸಿ ನೋಡಿ. ಸಾಸಿವೆಯಷ್ಟು ಬೊಬ್ಬೆ ಸಿಕ್ಕರೆ ಅಂದೇ ತಿಕ್ಕಿ. ಮನೆಯ ಗಂಡಸರು ನಕ್ಕರೆ ನಗಲಿ ಬಿಡಿ, ಒಂದು ಬ್ರಶ್ಶು ಅವರ ಕೈಗೂ ಕೊಡಿ.